ಅಮಾವಾಸ್ಯೆಗೆ ತೊಳೆದ ಯಂತ್ರ

ಮಾಲಿ ಅಜ್ಜನ ಹಿಮ್ಮಡಿಯ ಬಿರುಕುಗಳೊಳಗೆ ಹಸಿರು ಕೂತಿತ್ತು. ಎಷ್ಟು ತಿಕ್ಕಿದರೂ ಹೋಗದ ಹುಲ್ಲಿನ ರಸ. ದಾಂಡೇಲಿಯ ಹೊಳೆದಂಡೆಯಲ್ಲಿರುವ ನಮ್ಮ ರಿಸಾರ್ಟಿನಲ್ಲಿ ಹುಲ್ಲು ಕತ್ತರಿಸುವ ಮೊದಲು ಅವರು ಇಡೀ ಹುಲ್ಲುಹಾಸಿನ ಮೇಲೆ ಬರಿಗಾಲಲ್ಲಿ ನಡೆಯುತ್ತಿದ್ದರು. ಕಾಲಿಗೆ ಸಿಕ್ಕ ಕಲ್ಲು, ಸಾಗವಾನಿಯ ಕಡ್ಡಿ ಎಲ್ಲವನ್ನೂ ಆರಿಸಿ ಟೊಪ್ಪಿಗೆಯೊಳಗೆ ಹಾಕಿಕೊಂಡು, ಅದನ್ನು ಬೇಲಿಯಾಚೆ ಕೊಡವಿದ ಮೇಲೆಯೇ ಯಂತ್ರ ಹತ್ತುವುದು.

ಅದು ಕೂತು ಓಡಿಸುವ ಯಂತ್ರ, ಸಣ್ಣ ಟ್ರ್ಯಾಕ್ಟರಿನಂತೆ. ಹೊಟ್ಟೆಯ ಕೆಳಗೆ ತಿರುಗುವ ಎರಡು ಬ್ಲೇಡು. ಅಜ್ಜ ಬೆನ್ನು ನೆಟ್ಟಗೆ ಮಾಡಿ ಕೂತು ಹೊರಟರೆ ಅತಿಥಿಗಳು ಚಹಾ ಬಿಟ್ಟು ಫೋಟೊ ತೆಗೆಯುತ್ತಿದ್ದರು. ಅದೇ ಯಂತ್ರದ ಕೆಳಗೆ ಅಂಗಾತ ಮಲಗಿ ನಟ್ಟು ಬಿಚ್ಚುವವನು ನಾನು, ಐಟಿಐ ಪಾಸಾದ ಮೆಕ್ಯಾನಿಕ್. ನನ್ನ ಫೋಟೊ ಯಾರಿಗೆ ಬೇಕು? ಯಂತ್ರ ಕೊಂಚ ಕೆಮ್ಮಿದರೂ ಸಾಹೇಬರು, ಅಂದರೆ ರಿಸಾರ್ಟಿನ ಯಜಮಾನರು, ನನ್ನೆದುರೇ "ಅಜ್ಜಾ ಏನಂತಾನ?" ಎಂದು ಕೇಳುತ್ತಿದ್ದರು. ನನಗಿದ್ದದ್ದು ಶುದ್ಧ ಹೊಟ್ಟೆಕಿಚ್ಚು. ಒಮ್ಮೆ ಬುತ್ತಿ ತಂದ ನನ್ನ ಹೆಂಡತಿ ಅದರಲ್ಲಿ ಒಂದು ರೊಟ್ಟಿ ಅವರಿಗೆ ಕೊಟ್ಟಳು. ಅದನ್ನೂ ನಾನು ಮರೆತಿಲ್ಲ.

ಆ ವರ್ಷ ಯಂತ್ರ ಕೆಟ್ಟದ್ದೇ ಕೆಟ್ಟದ್ದು. ಬ್ಲೇಡಿನ ಬೇರಿಂಗ್ ಕಿರುಗುಟ್ಟಿ ಹಿಡಿದುಕೊಳ್ಳುವುದು, ಅದರ ಹಿಂದೆಯೇ ಬೆಲ್ಟು ಸುಟ್ಟು ಹರಿಯುವುದು. ಹುಬ್ಬಳ್ಳಿಯಿಂದ ಹೊಸದು ತರಿಸಿ ಹಾಕಿದರೆ ಮುಂದಿನ ತಿಂಗಳು ಮತ್ತೆ ಅದೇ ಕಥೆ. ಇನ್ನೊಮ್ಮೆ ನಿಂತರೆ ಬೇರೆ ಮೆಕ್ಯಾನಿಕ್ ನೋಡಿಕೊಳ್ಳುತ್ತೇನೆ ಎಂದು ಸಾಹೇಬರು ನನ್ನನ್ನು ಕರೆದು ಹೇಳಿದರು. ಹೆದರಿಕೆಯಲ್ಲಿ ನಾನು ಅಜ್ಜನ ಮೇಲೆ ಹಾಕಿದೆ. ವಯಸ್ಸಾಯಿತು, ಕಣ್ಣು ಕಾಣುವುದಿಲ್ಲ, ಕಲ್ಲಿನ ಮೇಲೆ ಹಾಯಿಸುತ್ತಾರೆ ಎಂದೆ. ಅವರು ಟೊಪ್ಪಿಗೆ ತುಂಬ ಕಲ್ಲು ಆರಿಸುವುದನ್ನು ದಿನಾ ನೋಡುತ್ತಿದ್ದವನು ನಾನೇ.

ಮರುದಿನ ಕೀಲಿ ನನ್ನ ಕೈಗೆ ಬಂತು. ಅಜ್ಜ ಸೀಟಿನ ಮೇಲೆ ಹಾಸಿದ್ದ ತಮ್ಮ ಗೋಣಿತಟ್ಟು ಮಡಚಿಕೊಂಡು, ಕುಡಗೋಲು ಹಿಡಿದು ಬೇಲಿಯ ಕಡೆ ಹೋದರು. ನಾನೂ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತೆ. ಯಾರೂ ಫೋಟೊ ತೆಗೆಯಲಿಲ್ಲ.

ಬೇರಿಂಗ್ ಮತ್ತೆ ಕೂಗತೊಡಗಿತು. ನಾನು ಬೆವರುತ್ತ ಕೆಳಗೆ ಮಲಗಿದ್ದಾಗ ಅಜ್ಜ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು.

"ತಪ್ಪ ತಿಳ್ಕೋಬ್ಯಾಡ ತಮ್ಮಾ. ಅಮಾಸಿ ಆದ ಎಂಟ ದಿನಕ್ಕ ಇದು ಕೂಗತೈತಿ. ಪ್ರತಿ ಸಲಾನೂ."

ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ ತೊಳೆದು ಪೂಜೆ ಮಾಡದೆ ಬಿಡುವುದಿಲ್ಲ. ನಾನೂ ಯಂತ್ರವನ್ನು ಮಗ್ಗುಲಿಗೆ ಎತ್ತಿ, ಜೀಪು ತೊಳೆಯುವ ಜೋರು ನೀರಿನ ಪೈಪನ್ನು ಬ್ಲೇಡಿನ ಬುಡಕ್ಕೇ ಹಿಡಿದು ತೊಳೆದು, ವಿಭೂತಿ ಬಳಿದು, ಕಾಯಿ ಒಡೆಯುತ್ತಿದ್ದೆ. ಆ ನೀರು ಗ್ರೀಸನ್ನು ತಳ್ಳಿ ಬೇರಿಂಗಿನೊಳಗೆ ನಿಲ್ಲುತ್ತಿತ್ತು. ಐಟಿಐ ಓದಿದವನಿಗೆ ಹೊಳೆಯಬೇಕಿದ್ದ ಮಾತು.

ಸಾಹೇಬರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಭಕ್ತಿಲೆ ತೊಳೀತಿದ್ದಿ. ಅವರ ಮುಂದ ಹೇಳಿದ್ರ ನಿನ್ನ ಅನ್ನ ಹೋಗತಿತ್ತು. ಒದ್ದಿ ಅರಿವಿಲೆ ಒರಸು, ಸಾಕು. ದೇವರೇನ ಸಿಟ್ಟಾಗೂದಿಲ್ಲ."

ಒದ್ದೆ ಬಟ್ಟೆಯಿಂದ ಒರೆಸತೊಡಗಿದ ಮೇಲೆ ಬೇರಿಂಗ್ ಕೆಡಲಿಲ್ಲ. ಸಾಹೇಬರು ಎಲ್ಲರೆದುರು ನನ್ನ ಬೆನ್ನು ತಟ್ಟಿದರು. ಬೇಲಿಯ ಬುಡದಲ್ಲಿ ಹುಲ್ಲು ಕೊಯ್ಯುತ್ತಿದ್ದ ಅಜ್ಜ ತಲೆಯೆತ್ತಿ ನಕ್ಕರು. ನಿಜ ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ. ಹೇಳಿದರೆ ಸೀಟು ಮತ್ತೆ ಅವರಿಗೆ ಹೋಗುತ್ತಿತ್ತು. ಸೀಟು ಕಳೆದುಕೊಂಡೂ ಹಾಗೆ ನಗಬಲ್ಲವರಾಗಿದ್ದರಲ್ಲ, ಅದಕ್ಕೂ ಹೊಟ್ಟೆ ಉರಿಯಿತು. ಕೊನೆಯವರೆಗೂ ಅವರು ಬೇಲಿಯ ಕೆಲಸದಲ್ಲೇ ಉಳಿದರು.

ಹೋದ ಮಳೆಗಾಲ ಅಜ್ಜ ತಮ್ಮೂರಾದ ತೇರಗಾಂವದ ಮನೆಯಲ್ಲಿ ತೀರಿಕೊಂಡರು. ಸಾಹೇಬರ ಜೀಪಿನಲ್ಲಿ ಮಣ್ಣಿಗೆ ಹೋದೆವು. ನಮ್ಮ ಪದ್ಧತಿಯಂತೆ ಅಜ್ಜನನ್ನು ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಮಾಲೆ, ಬೆನ್ನು ಯಂತ್ರದ ಮೇಲೆ ಕೂತಾಗಿನಷ್ಟೇ ನೆಟ್ಟಗೆ. ಮಡಚಿದ ಕಾಲಿನ ಹಿಮ್ಮಡಿಯಲ್ಲಿ ಹಸಿರು ಇನ್ನೂ ಇತ್ತು. ಊರಿಗೆ ಊರೇ ಬಂದು ಆ ಕಾಲಿಗೆ ಬೀಳುತ್ತಿತ್ತು. ಅಲ್ಲಿಯೂ ನನಗೆ ಕಿಚ್ಚಾಯಿತು. ಆಮೇಲೆ ನಾಚಿಕೆಯಾಯಿತು.

ಪಕ್ಕದಲ್ಲಿದ್ದ ಸಾಹೇಬರಿಗೆ ಹೇಳಿಬಿಟ್ಟೆ. "ಬೇರಿಂಗ್ ಕೆಡಿಸಿದಾಂವ ನಾನರೀ. ಅಜ್ಜನ ಮ್ಯಾಲೆ ಸುಳ್ಳ ಹೇಳಿದ್ದೆ."

ಸಾಹೇಬರು ಅಜ್ಜನನ್ನೇ ನೋಡುತ್ತ ನಿಂತರು. "ಅವಗ ಕೇಳಿಸೂ ಹೊತ್ತಿನ್ಯಾಗ ಹೇಳಬೇಕಿತ್ತಲ್ಲೋ" ಎಂದರು.