ಮುಗಿದ ಆಟದ ಭವಿಷ್ಯ

ಅಮೆರಿಕದ ದಕ್ಷಿಣದ ಒಂದು ಕಾಲೇಜು ಊರಿನಲ್ಲಿ ಎರಡು ವರ್ಷ ಓದಿದ್ದಕ್ಕೆ ನನಗೆ ಪದವಿಯ ಜೊತೆ ಎರಡು ಚಟಗಳೂ ಅಂಟಿಕೊಂಡವು: ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಲ್ಲಿನ ಕಾಲೇಜು ಫುಟ್‌ಬಾಲ್ ಮತ್ತು ಮಾಮೂಲಿ ಕಾರಿನಂತೆ ಕಾಣುವ ಗಾಡಿಗಳ ಸ್ಟಾಕ್ ಕಾರ್ ರೇಸ್. ರಾಟರ್‌ಡ್ಯಾಮ್ ಪಕ್ಕದ ಕಾಪೆಲ್ಲೆಗೆ ಕೆಲಸಕ್ಕೆ ಬಂದ ಮೇಲೂ ಅವು ಬಿಡಲಿಲ್ಲ. ಎರಡರ ಮೇಲೂ ಪ್ರೀತಿ ಎಷ್ಟೋ ಗುಮಾನಿಯೂ ಅಷ್ಟೇ. ಫುಟ್‌ಬಾಲ್‌ನಲ್ಲಿ ಸೀಸನ್ ಮುಗಿದ ಮೇಲೆ ಒಂದು ಸಮಿತಿ ಬಾಗಿಲು ಹಾಕಿಕೊಂಡು ಕೂತು ಪ್ಲೇಆಫ್‌ಗೆ ಹನ್ನೆರಡು ತಂಡಗಳನ್ನು ನಿರ್ಧರಿಸುತ್ತದೆ. ಚೆನ್ನಾಗಿ ಆಡಿದವರನ್ನು ಬಿಟ್ಟು ಟಿವಿಗೆ ಬೇಕಾದವರನ್ನು ಆರಿಸುತ್ತಾರೆಂದೇ ನನ್ನ ಅನುಮಾನ. ರೇಸಿನಲ್ಲಿ ಒಬ್ಬ ತೀರಾ ಮುಂದೆ ಹೋದರೆ ಸಾಕು, ಟ್ರ್ಯಾಕ್ ಮೇಲೆ ಏನೋ ಬಿದ್ದಿದೆ ಎಂದು ಹಳದಿ ಬಾವುಟ ತೋರಿಸಿ ಎಲ್ಲರನ್ನೂ ಮತ್ತೆ ಒಟ್ಟುಗೂಡಿಸುತ್ತಾರೆ. ಬಿದ್ದದ್ದೇನು ಎಂದು ಕ್ಯಾಮೆರಾ ತೋರಿಸುವುದು ಅಪರೂಪ.

ದೊಡ್ಡ ಆಟಗಳೆಲ್ಲ ಇಲ್ಲಿಯ ನಸುಕಿಗೆ ಮುಗಿಯುತ್ತವೆ. ನಾನು ರೆಕಾರ್ಡ್ ಮಾಡಿಟ್ಟು ಬೆಳಿಗ್ಗೆ ಹತ್ತಕ್ಕೆ ನೋಡುತ್ತೇನೆ. ಅಲ್ಲಿಯತನಕ ಫೋನು ಆಫ್. ಮನೆಯಲ್ಲಿ ಯಾರೂ ಸ್ಕೋರ್ ಹೇಳಕೂಡದು. ಹೆಂಡತಿಗೆ ಈ ಆಟಗಳ ಗಂಧಗಾಳಿಯಿಲ್ಲದ ಕಾರಣ ಅವಳಿಂದ ಅಪಾಯವಿರಲಿಲ್ಲ.

ಆ ಡಿಸೆಂಬರ್‌ನಲ್ಲಿ ಅವಳ ಅಪ್ಪ ಹುಬ್ಬಳ್ಳಿಯಿಂದ ಮೂರು ತಿಂಗಳಿಗೆ ಬಂದರು. ಬಸ್ ಡಿಪೊದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು, ಮಿತಭಾಷಿ. ನಾನು ಮೈಸೂರಿನವನು; ಮಾತು ಶುರು ಮಾಡುವುದು ನನಗೂ ಬರುವುದಿಲ್ಲ. ಮೊದಲ ಪ್ಲೇಆಫ್ ಪಂದ್ಯದ ಬೆಳಿಗ್ಗೆ ಅವರು ಬಂದು ಸೋಫಾದ ಇನ್ನೊಂದು ತುದಿಯಲ್ಲಿ ಕೂತರು.

“ಇದರಾಗ ನಿಮ್ಮ ಕಾಲೇಜ್ ಯಾವ್ದ್ರಿ?”

“ನಮ್ಮದನ್ನ ಸೇರಿಸ್ಲಿಲ್ಲ ಮಾವ,” ಎಂದು ಸಮಿತಿಯ ಕಥೆಯನ್ನೆಲ್ಲ ಹೇಳಿದೆ. ಅವರು ಗಮನವಿಟ್ಟು ಕೇಳಿದರು. ಅರ್ಧ ಆಟ ಮುಗಿದಾಗ ಬಿಳಿ ಅಂಗಿಯ ತಂಡ ಎರಡು ಟಚ್‌ಡೌನ್, ಅಂದರೆ ಹದಿನಾಲ್ಕು ಪಾಯಿಂಟ್, ಹಿಂದಿತ್ತು. ಮಾವ ನಿಧಾನವಾಗಿ, “ಬಿಳಿ ಅಂಗಿಯವ್ರು ಗೆಲ್ತಾರ ನೋಡ್ರಿ,” ಎಂದರು.

ಅವರೇ ಗೆದ್ದರು. ಹೇಗೆ ಗೊತ್ತಾಯಿತೆಂದು ಕೇಳಿದೆ. “ಆ ಕೆಂಪಂಗಿಯವ್ರು ನಡುವಿಗೆ ಕೈ ಕೊಟ್ಟು ನಿಂತಿದ್ರಲ್ರಿ. ಎಂಜಿನ್ ಕಾದಿತ್ತು,” ಎಂದರು. ಒಪ್ಪುವಂಥ ಮಾತು. ಆ ಬಗ್ಗೆ ಒಂದು ಗಂಟೆ ಚರ್ಚೆಯಾಯಿತು.

ಮುಂದಿನ ಪಂದ್ಯವನ್ನೂ ಸರಿಯಾಗಿ ಹೇಳಿದರು. ಅದರ ಮುಂದಿನದನ್ನೂ. ಮೂರನೆಯದಕ್ಕೆ ನನ್ನೊಳಗೆ ಹುಳ ಹೊಕ್ಕಿತು. ಇಪ್ಪತ್ತು ವರ್ಷದಿಂದ ಈ ಆಟವನ್ನೇ ವಿಶ್ಲೇಷಿಸುವವರು ತಪ್ಪುತ್ತಾರೆ. ನಿಯಮವೂ ಗೊತ್ತಿಲ್ಲದ ಮಾವ ತಪ್ಪುವುದಿಲ್ಲ. ಅವರು ಮೊದಲೇ ಫಲಿತಾಂಶ ನೋಡಿಕೊಂಡು ಬಂದು ನನ್ನನ್ನು ಆಡಿಸುತ್ತಿದ್ದಾರೆ ಅನಿಸಿತು. ಅವರ ಕಣ್ಣು ಟಿವಿಯಲ್ಲಿದ್ದರೆ ನನ್ನ ಕಣ್ಣು ಅವರ ಮೇಲೆ. ಒಂದು ದಿನ ಅವರು ಸ್ನಾನಕ್ಕೆ ಹೋದಾಗ, ಹೇಳಲು ನಾಚಿಕೆಯಾಗುತ್ತದೆ, ಮೇಜಿನ ಮೇಲಿದ್ದ ಅವರ ಫೋನ್ ತೆಗೆದು ನೋಡಿದೆ. ಸಂಬಂಧಿಕರ ಗುಂಪಿನ ಸಂದೇಶಗಳು, ಹುಬ್ಬಳ್ಳಿ ಸುದ್ದಿ, ಮೊಣಕಾಲು ನೋವಿಗೆ ವ್ಯಾಯಾಮದ ವಿಡಿಯೋ. ಆಟದ ಸುಳಿವೇ ಇರಲಿಲ್ಲ. ಸಮಾಧಾನವಾಗುವ ಬದಲು ಅನುಮಾನ ಇನ್ನೂ ಬೆಳೆಯಿತು.

ಫೆಬ್ರುವರಿಯಲ್ಲಿ ವರ್ಷದ ಮೊದಲ ದೊಡ್ಡ ಸ್ಟಾಕ್ ಕಾರ್ ರೇಸ್. ಮರುದಿನ ರಜೆ ಹಾಕಿ ನೋಡಲು ಕೂತೆ. ಕೊನೆಗೆ ಐದು ಸುತ್ತು ಉಳಿದಿದ್ದವು. ಮಾವ ಚಹಾ ಹೀರಿ, “ಕಡೀ ಸುತ್ತಿನ್ಯಾಗ ಮುಂದಿನ ಎರಡೂ ಗಾಡಿ ಒಂದಕ್ಕೊಂದು ಹೊಡಕೊಂತಾವ. ಹಿಂದಿನ ನೀಲಿ ಗಾಡಿ ಗೆಲ್ತೈತಿ,” ಎಂದರು.

ಅಕ್ಷರಶಃ ಹಾಗೇ ಆಯಿತು. ನಾನು ಟಿವಿ ನಿಲ್ಲಿಸಿ ಅವರತ್ತ ತಿರುಗಿದೆ. “ಇದು ಹೇಗೆ ಗೊತ್ತಾಯ್ತು ಮಾವ?”

“ಗಾಡಿ ಗುಣ ರೀ,” ಎಂದು ಅವರು ಬಟ್ಟಲು ತೊಳೆಯಲು ಎದ್ದು ಹೋದರು. ಅಡುಗೆಮನೆಯಲ್ಲಿ ಹೆಂಡತಿ ಕೆಮ್ಮಿದ್ದು ಕೇಳಿಸಿತು. ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಅವರನ್ನು ಪರೀಕ್ಷಿಸಲು ನಡೆಯುತ್ತಿರುವ ಆಟವೇ ಬೇಕಿತ್ತು. ಇಲ್ಲಿನ ಡಚ್ಚರಿಗೂ ತಮ್ಮದೇ ಸ್ಟಾಕ್ ಕಾರ್ ರೇಸ್ ಇದೆ: ಚಿಕ್ಕ ಮೊಟ್ಟೆಯಾಕಾರದ ಟ್ರ್ಯಾಕ್, ಕಬ್ಬಿಣದ ಬಂಪರ್, ಮುಂದಿನವನನ್ನು ಗುದ್ದಿ ದಾರಿ ಮಾಡಿಕೊಳ್ಳುವುದಕ್ಕೆ ಅಲ್ಲಿ ಅಡ್ಡಿಯಿಲ್ಲ. ಮಾರ್ಚ್‌ನಲ್ಲಿ, ಮಾವ ಹೊರಡುವ ಹಿಂದಿನ ಭಾನುವಾರ, ಎರಡು ಗಂಟೆ ಕಾರು ಓಡಿಸಿ ಉತ್ತರದ ಒಂದು ಟ್ರ್ಯಾಕಿಗೆ ಕರೆದೊಯ್ದೆ. ರೇಸಿಗೆ ಮುಂಚೆ ಗಾಡಿಗಳ ನಡುವೆ ಓಡಾಡಲು ಬಿಡುತ್ತಾರೆ. ಮಾವ ಪ್ರತಿ ಗಾಡಿಯ ಕೆಳಗೂ ಬಗ್ಗಿ ನೋಡಿದರು. ಕೈಗೆ ಗ್ರೀಸ್ ಮೆತ್ತಿಕೊಂಡ ಡಚ್ ಮುದುಕನೊಬ್ಬ ಅವರಿಗೆ ಎಂಜಿನ್ ತೋರಿಸಿದ. ಭಾಷೆಯಿಲ್ಲದೆ ಇಬ್ಬರೂ ಹತ್ತು ನಿಮಿಷ ಕೈಯಲ್ಲೇ ಮಾತಾಡಿದರು. ಮಾವನ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆದರೂ ನಾನು ಬಂದ ಕೆಲಸ ಮರೆಯಲಿಲ್ಲ.

ಗಾಡಿಗಳು ಸಾಲಾಗಿ ನಿಂತವು. “ಈಗ ಹೇಳಿ ಮಾವ, ಯಾರು ಗೆಲ್ತಾರೆ?”

“ಹೆಂಗ ಹೇಳಾಕ ಬರತೈತ್ರಿ.”

“ಟಿವಿಲಿ ಬಂದಿದ್ದಕ್ಕೆಲ್ಲ ಹೇಳಿದ್ರಲ್ಲ.”

ಅವರು ಒಂದು ಕ್ಷಣ ನನ್ನನ್ನೇ ನೋಡಿ, ಕೆಂಪು ಛಾವಣಿಯ ಗಾಡಿಯೊಂದನ್ನು ತೋರಿಸಿದರು. ಅದು ಮೊದಲ ತಿರುವಿನಲ್ಲೇ ಗೋಡೆಗೆ ಗುದ್ದಿ ನಿಂತಿತು. ಚಾಲಕ ಇಳಿದು ನಡೆದುಕೊಂಡು ಹೋದ. ನಾನು ಗೆದ್ದೆ ಅಂದುಕೊಂಡೆ.

ಮಾವ ಕರಿದ ಆಲೂಗಡ್ಡೆಯ ಪೊಟ್ಟಣವನ್ನು ನನ್ನ ಕಡೆ ಹಿಡಿದರು. “ಟಿವಿ ಆಟದಾಗ ಯಾರು ಗೆದ್ರಂತ ಮುಂಜಾನೆ ಚಾ ಕುಡಿಯುವಾಗ ಮಗಳು ಹೇಳ್ತಿದ್ಳು. ತನ್ನ ಫೋನ್‌ನ್ಯಾಗ ನೋಡಿ.”

“ಯಾಕೆ?”

“ನಾ ಬಂದು ಎರಡು ವಾರ ನೀವು ನನಗ ಊಟ ಆಯ್ತಾ ಅಂತ ಕೇಳಿದ್ದು ಬಿಟ್ರ ಬ್ಯಾರೆ ಮಾತಿಲ್ಲ. ಆ ಬಿಳಿ ಅಂಗಿ ದಿವ್ಸ ಒಂದು ತಾಸು ಮಾತಾಡಿದ್ರಿ.” ಪೊಟ್ಟಣದಿಂದ ತಾವೂ ಒಂದು ತುಂಡು ತೆಗೆದುಕೊಂಡು ಹೇಳಿದರು: “ನೀವು ನನ್ನ ಫೋನ್ ನೋಡಿದ್ದೂ ಗೊತ್ತೈತ್ರಿ. ನಾ ಇಟ್ಟಲ್ಲಿ ಇರಲಿಲ್ಲ.”

ನನಗೆ ತಲೆ ಎತ್ತಲಾಗಲಿಲ್ಲ. “ತಪ್ಪಾಯ್ತು ಮಾವ,” ಎಂದೆ. ಗಾಡಿಗಳ ಸದ್ದಿನಲ್ಲಿ ಅವರಿಗೆ ಕೇಳಿಸಿತೋ ಇಲ್ಲವೋ, ಎರಡನೇ ಸಲ ಹೇಳುವ ಧೈರ್ಯ ಬರಲಿಲ್ಲ.

ಮನೆಗೆ ಬಂದು ಹೆಂಡತಿಯನ್ನು ಕೇಳಿದೆ. ಅವಳಿಗೆ ಪಶ್ಚಾತ್ತಾಪವೇನೂ ಇರಲಿಲ್ಲ. “ಹೂಂ, ನಾನ ಹೇಳಿದ್ದು. ಇಬ್ರೂ ಒಂದಽ ಸೋಫಾದ ಮ್ಯಾಲೆ ಗೋಡೆ ನೋಡ್ಕೊಂಡು ಕೂತಿರ್ತಿದ್ರಿ. ನಂಗೆ ನೋಡಾಕ ಆಗ್ಲಿಲ್ಲ.” ರೇಸಿನ ಕೊನೆಯ ಡಿಕ್ಕಿಯನ್ನು ಅಪ್ಪನಿಗೆ ಹೇಳಬಾರದಿತ್ತು, ಅದೊಂದು ಅತಿಯಾಯಿತು ಎಂದೂ ಸೇರಿಸಿದಳು.

ಮಾವ ಊರಿಗೆ ಹೋದ ಮೇಲೆ ಒಂದು ಸೋಮವಾರ ಬೆಳಿಗ್ಗೆ ಅವರೇ ವಿಡಿಯೋ ಕಾಲ್ ಮಾಡಿದರು. ಹಿಂದಿನ ದಿನದ ರೇಸನ್ನು ಜೊತೆಗೆ ನೋಡೋಣ ಎಂದರು. ನಾನು ಕೆಲಸಕ್ಕೆ ತಡವಾಗಿ ಬರುತ್ತೇನೆಂದು ಆಫೀಸಿಗೆ ತಿಳಿಸಿ, ಟಿವಿಯ ಎದುರು ಫೋನನ್ನು ನಿಲ್ಲಿಸಿದೆ.

“ನೀವಿನ್ನೂ ನೋಡಿಲ್ಲ ತಾನೆ ಮಾವ?”

“ಇಲ್ರೀ. ಮಗಳ ಆಣೆ.”

ಅವರ ಮಗಳು ನಮ್ಮ ಅಡುಗೆಮನೆಯಿಂದ ನಕ್ಕಳು. ನಾನು ಪೂರ್ತಿ ನಂಬಲಿಲ್ಲ. ಆದರೂ ರೇಸ್ ಶುರು ಮಾಡಿದೆ.