ಕೈ ತಟ್ಟದ ಪೈಲ್ವಾನ

ತಪ್ಪು ನನ್ನದೇ. ಫುನಾಬೊರಿಯಲ್ಲಿ ನಾವಿದ್ದ ಕಟ್ಟಡದ ಕೆಳಗೆ ಜಿಮ್ ಇಟ್ಟುಕೊಂಡಿದ್ದ ಜಪಾನಿ ಪೈಲ್ವಾನನ ಮುಂದೆ, ನಮ್ಮ ಮೈಸೂರಿನಲ್ಲಿ ಕೇರಿಗೊಂದು ಗರಡಿ ಮನೆ ಇದೆ ಎಂದು ಕೊಚ್ಚಿಕೊಂಡವನು ನಾನು. ಆತ ಕಣ್ಣರಳಿಸಿ ನನ್ನ ತೊಂಬತ್ನಾಲ್ಕು ಕೆಜಿ ದೇಹವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಬರೀ ಕೋಡ್ ಬರೆದು, ಕೂತು ಬೆಳೆಸಿದ ದೇಹ ಅದು ಎಂದು ಅವನಿಗೆ ಹೇಗೆ ಗೊತ್ತಾಗಬೇಕು?

ಆತ ಹೈಸ್ಕೂಲಿನಿಂದ ಕುಸ್ತಿ ಆಡಿದವನು. ಆಮೇಲೆ ಹಮಾಮತ್ಸುವಿನ ಒಂದು ಕಾರ್ಖಾನೆ ಸೇರಿ ಅದರ ತಂಡಕ್ಕೂ ಕುಸ್ತಿ ಆಡಿದ. ಇಪ್ಪತ್ತೊಂಬತ್ತನೆಯ ವಯಸ್ಸಿಗೆ ಕೆಲಸ ಬಿಟ್ಟು, ಗುದ್ದು, ಒದೆತ, ಕುಸ್ತಿ ಎಲ್ಲವೂ ಸೇರಿದ ಎಂಎಂಎ ಕಣಕ್ಕೆ ಇಳಿದ. ಮೊದಲ ಪಂದ್ಯದಲ್ಲಿ ಅಭ್ಯಾಸಬಲದಿಂದ ಎದುರಾಳಿಯ ಕಾಲು ಹಿಡಿಯಲು ಬಗ್ಗಿದನಂತೆ. ಕಾಲು ಸಿಕ್ಕಲಿಲ್ಲ, ಮೊಣಕಾಲು ಸಿಕ್ಕಿತು, ಅದೂ ಮೂಗಿಗೆ. ಕಣದಲ್ಲಿ ತನ್ನ ಹೆಸರು ಕೂಗಿದವನು ಹೋಗಿ ಕೂರುವಷ್ಟರಲ್ಲಿ ಪಂದ್ಯ ಮುಗಿದಿತ್ತು ಎಂದು ತಾನೇ ಹೇಳಿಕೊಂಡು ನಗುತ್ತಿದ್ದ. ಮುಂದೆ ಗುದ್ದುವುದು ಕಲಿತ, ಗೆದ್ದ, ಗೆದ್ದಷ್ಟೇ ಸೋತ. ಎರಡೂ ಕಿವಿಗಳು ಕರಿದ ಬೋಂಡದ ಹಾಗೆ ಆಗಿದ್ದವು.

ಕುಸ್ತಿಯ ಒಂದು ಹಟ ಮಾತ್ರ ಅವನನ್ನು ಬಿಡಲಿಲ್ಲ. ಕುಸ್ತಿಯಲ್ಲಿ 'ಸೋತೆ' ಎಂದು ಒಪ್ಪಿಕೊಳ್ಳುವ ಪದ್ಧತಿಯೇ ಇಲ್ಲವಂತೆ, ಬೆನ್ನು ನೆಲಕ್ಕೆ ತಾಗಬೇಕು ಅಷ್ಟೆ. ಎಂಎಂಎಯಲ್ಲಿ ಹಾಗಲ್ಲ. ತೋಳೋ ಕತ್ತೋ ಸಿಕ್ಕಿಬಿದ್ದರೆ ಎದುರಾಳಿಯ ಮೈಮೇಲೆ ಕೈ ತಟ್ಟಿದರೆ ಸಾಕು, ಆಟ ನಿಲ್ಲುತ್ತದೆ. ಹನ್ನೆರಡು ವರ್ಷದಲ್ಲಿ ಈತ ಒಮ್ಮೆಯೂ ತಟ್ಟಿರಲಿಲ್ಲ. ಒಂದು ಸಲ ಪ್ರಜ್ಞೆ ತಪ್ಪಿದ್ದ, ಎರಡು ಸಲ ಭುಜ ಕಳಚಿಸಿಕೊಂಡಿದ್ದ. ತಟ್ಟಿರಲಿಲ್ಲ.

ಈಗ ವಯಸ್ಸು ನಲವತ್ತೊಂದು, ಕೊನೆಯ ಪಂದ್ಯ. ಕೊರೊನಾದಿಂದ ಎರಡು ಸಲ ಮುಂದಕ್ಕೆ ಹೋಗಿ ಮೂರನೆಯ ಬಾರಿಗೆ ದಿನ ಗೊತ್ತಾಗಿತ್ತು. ಅವನ ಹೆಂಡತಿ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಸಿಕ್ಕಿಬಿದ್ದರೆ ತಟ್ಟಬೇಕು. 'ಹಾಯ್, ಹಾಯ್', ಅಂದರೆ ಹೂಂ ಹೂಂ, ಎಂದು ತಲೆ ಆಡಿಸಿದ್ದ. ಆಕೆಯೂ ನಂಬಲಿಲ್ಲ, ನಾನೂ ನಂಬಲಿಲ್ಲ.

ಜೊತೆಗೆ ತಾಲೀಮು ಮಾಡುವವರು ಸೋಂಕಿನ ಭಯಕ್ಕೆ ಬರುವುದು ಬಿಟ್ಟಿದ್ದರು. ಎದುರಾಳಿ ಭಾರಿ ಆಳು, ತಾಲೀಮಿಗೂ ಭಾರಿ ಆಳೇ ಬೇಕು. ಹಾಗಾಗಿ ಮಧ್ಯಾಹ್ನದ ಊಟದ ಬಿಡುವಿನಲ್ಲಿ ನನಗೆ ಬುಲಾವ್ ಬರತೊಡಗಿತು.

"ಮೈಸೂರಲ್ಲಿದ್ದಾಗ ಗರಡಿ ಕಡೆ ತಲೆ ಹಾಕಿಯೂ ಮಲಗಿದವರಲ್ಲ ನೀವು. ವರ್ಕ್ ಫ್ರಮ್ ಹೋಮ್ ಅಂದ್ಬಿಟ್ಟು ಇದೇನ್ರೀ ಹೊಸ ಅವತಾರ?" ಎಂದಳು ನನ್ನ ಹೆಂಡತಿ.

"ಎಕ್ಸರ್‌ಸೈಜ್ ಕಣೇ," ಎಂದೆ.

ಬಾಗಿಲಲ್ಲಿ ಜ್ವರ ನೋಡಿಸಿಕೊಂಡು, ಕೈಗೆ ಸ್ಯಾನಿಟೈಸರ್ ಬಳಿದುಕೊಂಡು, ನೆಲದ ಮೇಲೆ ಟೇಪು ಅಂಟಿಸಿದ ಗುರುತಿನಲ್ಲಿ ಎರಡು ಮೀಟರು ದೂರ ನಿಂತು, ಪರಸ್ಪರ ಬಾಗಿ ನಮಸ್ಕರಿಸುತ್ತಿದ್ದೆವು. ಇಷ್ಟೆಲ್ಲ ಆದ ಮೇಲೆ ಆತ ನನ್ನ ಕತ್ತನ್ನು ಕಂಕುಳಲ್ಲಿ ಹಾಕಿಕೊಂಡು ಕೆಡವುತ್ತಿದ್ದ. ಆಮೇಲೆ ನನ್ನ ಸರದಿ. ಅವನ ತೋಳನ್ನು ನನ್ನ ಎರಡು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಹಿಂದಕ್ಕೆ ಜಗ್ಗಬೇಕು, ಆತ ಬಿಡಿಸಿಕೊಳ್ಳಬೇಕು. ಆತ ಕೆಂಪಗಾಗಿ, ಹೇಗೋ ನುಸುಳಿ ಎದ್ದು, "ಇಂದೋ-ಸಾನ್, ಇನ್ನೂ ಗಟ್ಟಿ ಹಿಡಿ" ಎಂದು ನನ್ನನ್ನೇ ಗದರುತ್ತಿದ್ದ. ಇಂದೋ ಅಂದರೆ ಇಂಡಿಯಾ, ಸಾನ್ ಅಂದರೆ ಅವರೇ. ನನ್ನ ಹೆಸರು ಅವನ ಬಾಯಿಗೆ ಹತ್ತಲೇ ಇಲ್ಲ.

ಪಂದ್ಯಕ್ಕೆ ಮೂರು ವಾರ ಇತ್ತು. ಅಂದು ಯಾವ ಪುಣ್ಯವೋ, ಹಿಡಿತ ಪಟ್ಟಾಗಿ ಕೂತಿತು. ಕೆಳಗಿನಿಂದ ಆತ ಕೂಗಿದ: "ಮತ್ತೆ!"

ಜಗ್ಗಿದೆ.

"ಮತ್ತೆ! ಮತ್ತೆ!"

ಎಂಥ ಗಂಡು ಎಂದು ಮೆಚ್ಚಿ, ತೊಂಬತ್ನಾಲ್ಕು ಕೆಜಿಯನ್ನೂ ಹಿಂದಕ್ಕೆ ಚೆಲ್ಲಿದೆ. ಟಕ್ ಅಂತು.

ನನ್ನ ಜೊತೆ ಬಂದು ಬೆಂಚಿನ ಮೇಲೆ ಕೂತಿದ್ದ ಎಂಟು ವರ್ಷದ ಮಗಳು ಕಿರುಚಿದಳು. "ಅಪ್ಪಾ, ಸ್ಟಾಪ್! ಮತ್ತೆ ಮೀನ್ಸ್ ವೇಯ್ಟ್!"

ಜಪಾನಿಯಲ್ಲಿ 'ಮತ್ತೆ' ಅಂದರೆ 'ತಾಳು'. ನಾಲ್ಕು ವರ್ಷ ಇದ್ದವನಿಗೆ ಅಷ್ಟೂ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಆಫೀಸಿನಲ್ಲಿ ಯಾರೂ ಅಷ್ಟು ಒರಟಾಗಿ ಹೇಳುವುದಿಲ್ಲ, 'ಶೋಶೋ ಒಮಾಚಿ ಕುದಸಾಯ್' ಎಂದು ಬಾಗಿ ಬಳುಕಿ ಹೇಳುತ್ತಾರೆ. ಏದುಸಿರು ಬಿಡುತ್ತಿರುವಾಗ ನನ್ನ ಕಿವಿಗೆ ಕನ್ನಡವೇ ಕೇಳಿತು. ಅದಿರಲಿ, ಆ ಪುಣ್ಯಾತ್ಮ ಸುಮ್ಮನೆ ನನ್ನ ತೊಡೆ ತಟ್ಟಬಹುದಿತ್ತಲ್ಲ! ನನಗೆ ನಾಚಿಕೆಯ ಜೊತೆ ಸಿಟ್ಟೂ ಬಂತು.

ಮೂಳೆ ಮುರಿದಿರಲಿಲ್ಲ, ಮೊಣಕೈ ಉಳುಕಿತ್ತು. ಸಂಜೆ ಸಿಹಿತಿಂಡಿಯ ಡಬ್ಬ ಹಿಡಿದು ಅವನ ಮನೆಗೆ ಹೋಗಿ, ಅವನ ಹೆಂಡತಿಯ ಮುಂದೆ ಸೊಂಟದವರೆಗೆ ಬಾಗಿ 'ಸುಮಿಮಾಸೆನ್' ಎಂದು ಕ್ಷಮೆ ಕೇಳಿ, ನಡೆದದ್ದನ್ನು ಹೇಳಿದೆ. ಆಕೆ ಬೈಯಲಿಲ್ಲ.

"ತಾಳು ಅಂದರಾ? ಇವರು? ಬಾಯಿಬಿಟ್ಟು?"

"ಮೂರು ಸಲ."

ಆಕೆ ಒಳಗೆ ತಿರುಗಿ ಗಂಡನನ್ನು ನೋಡಿದರು. ಮೊಣಕೈಗೆ ಐಸ್ ಒತ್ತಿಕೊಂಡು ಕೂತಿದ್ದ ಆತ ಗೋಡೆಯ ಕಡೆ ಮುಖ ತಿರುಗಿಸಿ, "ತಟ್ಟಲಿಲ್ಲ," ಎಂದ.

ಪಂದ್ಯ ಬಿಡು ಎಂದರೆ ಕೇಳಲಿಲ್ಲ. ಮೊಣಕೈಗೆ ಪಟ್ಟಿ ಸುತ್ತಿಕೊಂಡು ಇಳಿದೇಬಿಟ್ಟ. ಅದೊಂದು ಭಾನುವಾರ ಮಧ್ಯಾಹ್ನ. ಸಭಾಂಗಣದಲ್ಲಿ ಒಂದು ಬಿಟ್ಟು ಒಂದು ಕುರ್ಚಿ. ಎಲ್ಲರಿಗೂ ಮಾಸ್ಕು. ಕೂಗುವಂತಿಲ್ಲ, ಚಪ್ಪಾಳೆ ಮಾತ್ರ. ನನ್ನ ಪಕ್ಕ ಖಾಲಿ ಕುರ್ಚಿ, ಅದರಾಚೆ ಅವನ ಹೆಂಡತಿ, ಕಣ್ಣು ಮುಚ್ಚಿಕೊಂಡು. ಎಲ್ಲ ಪಂದ್ಯವನ್ನೂ ಆಕೆ ಹೀಗೆಯೇ ನೋಡಿದ್ದಂತೆ.

ಮೊದಲ ಸುತ್ತಿನಲ್ಲಿ ಆತ ಹಳೆಯ ಕುಸ್ತಿಯ ಪಟ್ಟಿನಿಂದ ಎದುರಾಳಿಯ ಕಾಲು ಹಿಡಿದು ಎರಡು ಸಲ ಕೆಡವಿದ. ತಡೆಯಲಾರದೆ "ಹಾಕು!" ಎಂದು ಕೂಗಿದೆ. ಹುಡುಗಿಯೊಬ್ಬಳು ಬಂದು ನನ್ನೆದುರು ಬಾಗಿ, 'ದಯವಿಟ್ಟು ಕೂಗಬೇಡಿ' ಎಂಬ ಫಲಕ ಹಿಡಿದಳು. ನಾನೂ ಬಾಗಿದೆ. ಅವಳು ಇನ್ನೊಮ್ಮೆ ಬಾಗಿದಳು. ಈ ಮರ್ಯಾದೆಯಲ್ಲಿ ಸುತ್ತು ಮುಗಿಯಿತು.

ಎರಡನೆಯ ಸುತ್ತಿನಲ್ಲಿ ಮತ್ತೆ ಕೆಳಗೆ ಬಿದ್ದ ಎದುರಾಳಿ ಅಲ್ಲಿಂದಲೇ ಹೊರಳಿ ಆತನ ತೋಳು ಹಿಡಿದ. ಅದೇ ತೋಳು. ನಾನು ಕೆಡಿಸಿದ ತೋಳು. ಆತನ ಮುಖ ಕೆಂಪೇರಿತು. ಆ ಕೆಂಪು ನನಗೆ ಗೊತ್ತಿತ್ತು, ತಟ್ಟದವನ ಕೆಂಪು ಅದು. ತಾಯಿ ಚಾಮುಂಡಿ, ಗೆಲ್ಲಿಸಬೇಡ, ತಟ್ಟಿಸು ಎಂದು ಮಾಸ್ಕಿನೊಳಗೆ ಬೇಡಿಕೊಂಡೆ.

ಟಪ್. ಟಪ್. ಟಪ್.

ಎಂದಿನ ಗದ್ದಲವಿದ್ದಿದ್ದರೆ ಯಾರಿಗೂ ಕೇಳುತ್ತಿರಲಿಲ್ಲ. ಆ ಮೌನದಲ್ಲಿ ಕೊನೆಯ ಸಾಲಿನವರೆಗೂ ಕೇಳಿತು.

"ಯಾರು ತಟ್ಟಿದ್ದು?" ಕಣ್ಣು ತೆರೆಯದೆಯೇ ಆಕೆ ಕೇಳಿದರು.

"ನಿಮ್ಮವರು," ಎಂದೆ.

ಆಕೆ ಕಣ್ಣು ತೆರೆದು, ಎದ್ದು ನಿಂತು ಚಪ್ಪಾಳೆ ಹೊಡೆಯತೊಡಗಿದರು. ಗಂಡ ಸೋತದ್ದಕ್ಕೆ ಅಷ್ಟು ಜೋರಾಗಿ ಚಪ್ಪಾಳೆ ಹೊಡೆದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಒಬ್ಬರೇ ಹೊಡೆದರು, ಆಮೇಲೆ ಇಡೀ ಸಭಾಂಗಣ ಹೊಡೆಯಿತು. ರೆಫರಿ ಗೆದ್ದವನ ಕೈ ಎತ್ತಿದ. ನಮ್ಮವನು ತನ್ನ ಎರಡೂ ಕೈಗಳನ್ನು ತಾನೇ ಎತ್ತಿ, ಮೊಣಕೈ ಮಡಚಿ, ಬಿಡಿಸಿ, ಐದನೆಯ ಸಾಲಿನಲ್ಲಿದ್ದ ಹೆಂಡತಿಗೆ ತೋರಿಸುತ್ತ ನಿಂತಿದ್ದ.