ಅತ್ತೆ ಬಾವಿಗೆ ಇಳಿದ ಭಾನುವಾರ

ಶಿರಾದ ದೊಡ್ಡಕೆರೆ ತುಂಬಿದ ವರ್ಷ ನಮ್ಮ ಸಂಜೆಗಳೇ ಬದಲಾಗಿಹೋದವು. ಅಲ್ಲಿಯವರೆಗೆ ಟಿವಿ ಮುಂದೆಯೋ ಅಂಗಡಿ ಬೀದಿಯಲ್ಲೋ ಹೊತ್ತು ಕಳೆಯುತ್ತಿದ್ದ ಜನ ಕೆರೆಯ ಏರಿಯ ಕಡೆ ಹೊರಟರು. ಹೊಸದಾಗಿ ಮದುವೆಯಾದವರು ಫೋಟೊ ತೆಗೆಸಿಕೊಳ್ಳಲು, ಸಕ್ಕರೆ ಕಾಯಿಲೆಯವರು ನಡೆಯಲು, ಮಕ್ಕಳು ನೀರಿಗೆ ಕಲ್ಲೆಸೆಯಲು ಬರುತ್ತಿದ್ದರು. ಅವರ ಹಿಂದೆಯೇ ಮೆಣಸಿನಕಾಯಿ ಬಜ್ಜಿಯ ಗಾಡಿಗಳೂ ಬಂದವು. ನನಗೆ ಮಾತ್ರ ಆ ನೀರಿನ ಹತ್ತಿರ ಹೋಗಲು ಅಳುಕು. ನಾನು ಪಾವಗಡದ ಕಡೆಯವಳು. ನಮ್ಮೂರಿನಲ್ಲಿ ನೀರೆಂದರೆ ಡ್ರಮ್ಮಿನಲ್ಲಿ, ಕೊಡದಲ್ಲಿ, ಮುಚ್ಚಳ ಹಾಕಿ ಇಡುವ ವಸ್ತು. ಕಣ್ಣು ಹಾಯುವಷ್ಟು ದೂರ ಸುಮ್ಮನೆ ಹರಡಿ ಬಿದ್ದಿರುವ ನೀರನ್ನು ಕಂಡರೆ ಎದೆ ಝಲ್ಲೆನ್ನುತ್ತಿತ್ತು.

ಆದರೂ ಹೋಗಬೇಕಾಯಿತು, ಅತ್ತೆಗಾಗಿ. ಮಾವ ತೀರಿಕೊಂಡ ಮೇಲೆ ಅತ್ತೆ ಮಧುಗಿರಿ ಕಡೆಯ ಹಳ್ಳಿ ಬಿಟ್ಟು ನಮ್ಮ ಮನೆಗೆ ಬಂದಿದ್ದರು. ನಾನು ಬೆಳಿಗ್ಗೆ ಪಾಠ ಹೇಳಲು ಶಾಲೆಗೆ, ಗಂಡ ಬಸ್ ಡಿಪೋಗೆ ಹೊರಟರೆ ಅವರು ಒಬ್ಬರೇ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಮಂಡಿ ಊದಿಕೊಳ್ಳುತ್ತಿತ್ತು. ಡಾಕ್ಟರು ದಿನಾ ನಡೆಸಿ ಎಂದರು. ಹಾಗಾಗಿ ಸಂಜೆ ಅತ್ತೆಯ ಕೈ ಹಿಡಿದು ಏರಿಯ ಮೇಲೆ ನಡೆಯುವುದು ನನ್ನ ಪಾಲಿಗೆ ಬಂತು.

ಅತ್ತೆ ನಡೆಯುತ್ತಿದ್ದುದು ಸ್ವಲ್ಪವೇ. ತೂಬಿನ ಹತ್ತಿರ ಒಂದು ಕಲ್ಲಿನ ಮೇಲೆ ಕೂತುಬಿಡುತ್ತಿದ್ದರು. ಅಲ್ಲಿ ಹರೆಯದ ಹುಡುಗರು ನೀರಿಗೆ ಹಾರಿ ಗದ್ದಲ ಮಾಡುತ್ತಿದ್ದರು. ಒಂದು ಸಂಜೆ ಅತ್ತೆ ತಮ್ಮಷ್ಟಕ್ಕೆ ತಾವೇ ಗೊಣಗಿದರು.

“ಅಂಗೆ ತಲೆ ಎತ್ಕೊಂಡು ಹೊಡೆದ್ರೆ ಕುತ್ಗೆ ನೋವು ಬರ್ತೈತೆ. ತಲೆ ಬುಡಬೇಕು, ನೀರು ಹೊತ್ಕೋತೈತೆ.”

“ನಿಮಗೆ ಈಜು ಬರುತ್ತಾ ಅತ್ತೆ?” ಎಂದು ಕೇಳಿದೆ.

“ಬರ್ತಿತ್ತು,” ಎಂದರು. ಆಮೇಲೆ ನಿಧಾನವಾಗಿ ಹೇಳಿದರು. ಅವರ ತವರು ಬರಗೂರಿನ ಕಡೆ, ಕುರಿ ಸಾಕುವ ಮನೆತನ. ಉಣ್ಣೆ ಕತ್ತರಿಸುವ ಮೊದಲು ಕುರಿಗಳನ್ನು ನೀರಿನ ಕಟ್ಟೆಗೆ ಇಳಿಸಿ ತೊಳೆಯಬೇಕು. ಹೆಣ್ಣುಮಕ್ಕಳೂ ನೀರಿಗಿಳಿದು ಕುರಿಗಳನ್ನು ಆಚೆ ದಡಕ್ಕೆ ನೂಕಿಕೊಂಡು ಹೋಗುತ್ತಿದ್ದರು. ಈಜುವ ಕುರಿಯ ಉಣ್ಣೆ ಹಿಡಿದುಕೊಂಡೇ ಅತ್ತೆ ಈಜು ಕಲಿತದ್ದು.

“ಆಮೇಲೆ?”

“ಆಮೇಲೇನು, ಮದ್ವೆ ಆಯ್ತು. ನಿಮ್ಮಾವ್ನೋರ ಊರಾಗೆ ಹೆಂಗಸ್ರು ನೀರು ಸೇದೋರು, ಇಳೀತಿರ್ಲಿಲ್ಲ. ಅಲ್ಗೇ ನಿಂತೋಯ್ತು ಕಣಮ್ಮ.”

ಹೇಳುವಾಗ ಅವರ ದನಿಯಲ್ಲಿ ದೂರೇನೂ ಇರಲಿಲ್ಲ. ಆದರೆ ಕಣ್ಣನ್ನು ನೀರಿನಿಂದ ಕೀಳಲಿಲ್ಲ.

ಮನೆಗೆ ಬಂದು ಊಟದ ಹೊತ್ತಿಗೆ ಗಂಡನಿಗೆ ಈ ಸುದ್ದಿ ಹೇಳಿದೆ. ಅವರು ಜೋರಾಗಿ ನಕ್ಕರು. “ಅಮ್ಮನಾ? ಬಸ್ ಮೆಟ್ಲು ಹತ್ತಕ್ಕೇ ಇಬ್ರು ಹಿಡ್ಕೋಬೇಕು!” ಮರುಕ್ಷಣ ನಗು ನಿಲ್ಲಿಸಿ, “ಏನಾದ್ರೂ ಕೆರೆಗಿಳಿಯೋ ಯೋಚ್ನೆ ಗೀಚ್ನೆ ಇದ್ರೆ ಬುಟ್ಬುಡಿ. ಅಲ್ಲಿ ಬೋರ್ಡೇ ಹಾಕವ್ರೆ,” ಎಂದರು. ಅವರ ಹೆದರಿಕೆ ಸುಳ್ಳಲ್ಲ. ದೊಡ್ಡಕೆರೆಯಲ್ಲಿ ಎಲ್ಲಿ ಹಳ್ಳವಿದೆ, ಎಲ್ಲಿ ಕೆಸರಿದೆ ಯಾರಿಗೂ ಗೊತ್ತಿಲ್ಲ. ಅತ್ತೆ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದರು. ಮರುದಿನ ಸಂಜೆ ಏರಿಗೆ ಕರೆದರೆ, “ಮಂಡಿ ನೋಯ್ತೈತೆ, ನೀನೋಗ್ಬಾ,” ಎಂದರು. ಅದರ ಮರುದಿನವೂ ಅದೇ ಮಾತು.

ನನ್ನ ಮನಸ್ಸಿಗೆ ಅದು ಚುಚ್ಚಿತು. ನಾನು ಬಾಯಿಬಿಟ್ಟು ಹೇಳಬಾರದಾಗಿತ್ತೋ, ಗಂಡ ನಗಬಾರದಾಗಿತ್ತೋ ತಿಳಿಯಲಿಲ್ಲ. ನಮ್ಮ ಬೀದಿಯಲ್ಲೇ ಉರ್ದು ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರೊಬ್ಬರಿದ್ದಾರೆ. ನಾವೆಲ್ಲ ಅವರನ್ನು ಅಕ್ಕ ಎನ್ನುವ ಹಾಗೆ ಆಪಾ ಎಂದೇ ಕರೆಯುವುದು. ಅವರ ಮುಂದೆ ಎಲ್ಲವನ್ನೂ ಹೇಳಿಕೊಂಡೆ.

“ಅರೇ, ಅದಕ್ಕೆ ಕೆರೆ ಯಾಕೆ? ಏರಿ ಕೆಳಗೆ ನಮ್ಮ ತೆಂಗಿನ ತೋಟ ಇಲ್ವಾ?” ಎಂದರು ಆಪಾ. “ಕೆರೆ ನೀರು ಬಸಿದು ಬಸಿದು ಬಾವಿ ತುಂಬ್ಕೊಂಡೈತೆ. ಮೆಟ್ಲು ಐತೆ, ಬೇಲಿ ಐತೆ. ಇತ್ವಾರ ಬೆಳಿಗ್ಗೆ ಆಳುಗಳೂ ಬರಲ್ಲ. ಕರ್ಕೊಂಡ್ಬಾ ನಿಮ್ಮತ್ತೇನ.”

ಆ ಭಾನುವಾರ ಗಂಡನಿಗೆ ಆಪಾ ತೋಟಕ್ಕೆ ಹೋಗಿಬರುತ್ತೇವೆ ಎಂದಷ್ಟೇ ಹೇಳಿ ಹೊರಟೆವು. ಬಾವಿ ಚೌಕನೆಯದು, ಕಲ್ಲುಕಟ್ಟಡದ್ದು. ಅರ್ಧದಷ್ಟು ಮೆಟ್ಟಿಲುಗಳು ನೀರಿನೊಳಗೇ ಮುಳುಗಿದ್ದವು. ಅತ್ತೆ ಅಂಚಿಗೆ ಬಂದು ಇಣುಕಿ ನೋಡಿದರು. ಮನೆಯಿಂದ ತಂದ ಹಗ್ಗವನ್ನು ತೆಂಗಿನ ಮರಕ್ಕೆ ಕಟ್ಟಿ ಇನ್ನೊಂದು ತುದಿಯನ್ನು ಸೊಂಟಕ್ಕೆ ಕಟ್ಟಿಸಿಕೊಳ್ಳಿ ಎಂದು ನಾನು ಹಟ ಹಿಡಿದೆ, ಅವರು ಬೈಯುತ್ತಲೇ ಕಟ್ಟಿಸಿಕೊಂಡರು. ಸೀರೆಯನ್ನು ಕಚ್ಚೆ ಹಾಕಿ ಬಿಗಿದರು. ಗೋಡೆ ಹಿಡಿದು, ನೋವಿಗೆ ಮುಖ ಕಿವಿಚುತ್ತ, ಒಂದೊಂದೇ ಮೆಟ್ಟಿಲು ಇಳಿದರು. ನೀರು ಎದೆಮಟ್ಟಕ್ಕೆ ಬಂದಾಗ ನಿಂತರು. ನಾನು ಇನ್ನೇನು ವಾಪಸು ಬನ್ನಿ ಎನ್ನಬೇಕು, ಅಷ್ಟರಲ್ಲಿ ಅವರು ಮುಂದಕ್ಕೆ ಬಾಗಿದರು. ಮೆಟ್ಟಿಲು ಖಾಲಿಯಾಯಿತು.

ಸದ್ದೇ ಆಗಲಿಲ್ಲ. ಹುಡುಗರಂತೆ ನೀರು ಬಡಿಯಲಿಲ್ಲ. ಎರಡು ಕೈಯಿಂದ ನೀರನ್ನು ಪಕ್ಕಕ್ಕೆ ಸರಿಸಿಕೊಂಡು, ಗದ್ದ ತೇಲಿಸಿಕೊಂಡು ಆಚೆ ಗೋಡೆ ಮುಟ್ಟಿ ತಿರುಗಿದರು. ಮಧ್ಯಕ್ಕೆ ಬಂದು ಅಂಗಾತ ಮಲಗಿದರು. ಕಣ್ಣು ಮುಚ್ಚಿದ್ದವು. ಆಪಾ ನನ್ನ ಭುಜ ಹಿಡಿದುಕೊಂಡು, “ಮಾಷಾಲ್ಲಾ, ನೋಡೇ,” ಎಂದು ಪಿಸುಗುಟ್ಟಿದರು. ನಾನು ನೋಡುತ್ತಲೇ ಇದ್ದೆ. ಮದುವೆಯಾಗಿ ಬಂದಾಗಿನಿಂದ ಅತ್ತೆಯ ಮೈ ಇಷ್ಟು ಸಡಿಲವಾಗಿದ್ದುದನ್ನು ನಾನು ಕಂಡೇ ಇರಲಿಲ್ಲ.

“ನೀರಾಗೆ ಮಂಡಿ ಇರೋದೇ ಗೊತ್ತಾಗಲ್ಲ ಕಣಮ್ಮ,” ಎಂದರು ಮೇಲೆ ಬಂದು.

ಅಂದಿನಿಂದ ಪ್ರತಿ ಭಾನುವಾರ ತೋಟ ನಮ್ಮದಾಯಿತು. ಕೆಲವು ವಾರದ ಮೇಲೆ ಅತ್ತೆ ನನ್ನನ್ನೂ ಬಿಡಲಿಲ್ಲ. ಹಳೆಯ ಚೂಡಿದಾರ ತೊಡಿಸಿ, ಅಡುಗೆ ಎಣ್ಣೆಯ ಖಾಲಿ ಕ್ಯಾನಿನ ಮುಚ್ಚಳ ಬಿಗಿಮಾಡಿ ಬೆನ್ನಿಗೆ ಕಟ್ಟಿ ಇಳಿಸಿದರು. ಹೊಟ್ಟೆಯ ಕೆಳಗೆ ಅವರ ಕೈ ಇತ್ತು. ಆ ಕೈ ಒಂದು ಚೂರು ಸರಿದದ್ದೇ ತಡ, “ಅತ್ತಾ, ವದಲೊದ್ದು! ವದಲೊದ್ದು!” ಎಂದು ಕಿರುಚಿದೆ. ಬಿಡಬೇಡಿ ಎಂದು. ಭಯಕ್ಕೆ ಬಾಯಿಗೆ ಬಂದದ್ದು ಪಾವಗಡದ ತೆಲುಗು.

“ಏನಂತೀಯೇ? ಕನ್ನಡದಾಗೆ ಯೋಳು!” ಎಂದು ಅತ್ತೆ ಕೂಗಿದರು. ಮೇಲೆ ನಿಂತಿದ್ದ ಆಪಾ ಹೊಟ್ಟೆ ಹಿಡಿದು ನಕ್ಕರು. ನನಗೂ ನಗು ಬಂದು ಎರಡು ಗುಟುಕು ನೀರು ಕುಡಿದೆ. ಅತ್ತೆ ಕೈ ತೆಗೆದು ಆಗಲೇ ಹೊತ್ತಾಗಿತ್ತು ಎಂದು ಗೊತ್ತಾಗಿದ್ದು ಆಮೇಲೆ.

ಇಂಥದ್ದನ್ನು ಎಷ್ಟು ದಿನ ಮುಚ್ಚಿಡಲಾದೀತು? ಒಂದು ಭಾನುವಾರ ತೋಟದ ಬಾಗಿಲಲ್ಲಿ ಸ್ಕೂಟರ್ ನಿಂತ ಸದ್ದಾಯಿತು. ಗಂಡ. ಯಾರೋ ಹೇಳಿರಬೇಕು. ನಾನು ಒದ್ದೆ ಬಟ್ಟೆಯಲ್ಲಿ ಮೆಟ್ಟಿಲ ಮೇಲೆ ನಡುಗುತ್ತ ಕೂತಿದ್ದೆ. “ಬುದ್ಧಿ ಐತೇನೇ ನಿಂಗೆ?” ಎನ್ನುತ್ತಲೇ ಬಾವಿಯ ಅಂಚಿಗೆ ಬಂದವರು ಕೆಳಗೆ ನೋಡಿ ಅಲ್ಲೇ ನಿಂತರು. ಅತ್ತೆ ಅಂಗಾತ ತೇಲುತ್ತಿದ್ದರು. ಮಗ ಬಂದದ್ದು ಕಂಡರೂ ಏಳಲಿಲ್ಲ.

ಗಂಡ ನಿಧಾನವಾಗಿ ಮೆಟ್ಟಿಲ ಮೇಲೆ ಕೂತರು. ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟು, “ಅಮ್ಮಾ, ನಂಗೆ ಈಜು ಕಲ್ಸಿದ್ದು ದೊಡ್ಡಪ್ಪ. ನೀನು ಮ್ಯಾಗಡೆ ನಿಂತ್ಕೊಂಡು ಕಾಲು ಬಡಿಯೋ, ಕಾಲು ಬಡಿಯೋ ಅಂತ ಕೂಗ್ತಿದ್ದೆ. ಹೆದರ್ಕೊಂಡು ಕೂಗ್ತೀಯ ಅಂದ್ಕೊಂಡಿದ್ದೆ,” ಎಂದರು.

“ಹೆದ್ರಿಕೆ ಅಲ್ಲ ಕಣ್ಲಾ,” ಎಂದರು ಅತ್ತೆ, ಆಕಾಶ ನೋಡುತ್ತಲೇ. “ನಿಮ್ಮ ದೊಡ್ಡಪ್ಪ ತಪ್ಪು ಯೋಳ್ಕೊಡ್ತಿದ್ದ. ಹಾರ್ಬುಡಾನ ಅನ್ಸೋದು. ಗಂಡಸ್ರೆಲ್ಲ ನಿಂತಿರೋರು. ಹೆಂಗ್ ಹಾರ್ಲಿ?”

ಗಂಡ ತಲೆ ತಗ್ಗಿಸಿದರು. ಅತ್ತೆಗೆ ಅದು ಕಂಡಿರಬೇಕು. ಮಾತು ಬದಲಿಸಿ, “ಬಂದಿದ್ದೀಯಲ್ಲ, ಆ ಟವಲ್ ಕೊಡು. ಕೈ ಹಿಡ್ಕೊ, ಹತ್ತಕ್ಕೆ ಆಗಲ್ಲ ನಂಗೆ,” ಎಂದರು. ಇವರು ಪ್ಯಾಂಟು ನೆನೆಸಿಕೊಂಡು ಮಂಡಿಯುದ್ದ ನೀರಿಗೆ ಇಳಿದು ಅಮ್ಮನನ್ನು ಎರಡೂ ಕೈಯಿಂದ ಹಿಡಿದು ಮೇಲೆ ತಂದರು.

ಅತ್ತೆಯ ಮಂಡಿ ವಾಸಿಯಾಯಿತೆಂದು ಹೇಳಿದರೆ ಸುಳ್ಳಾದೀತು. ಈಗಲೂ ಎದ್ದೇಳುವಾಗ ಅಯ್ಯಪ್ಪಾ ಎನ್ನುತ್ತಾರೆ. ಬೇಸಿಗೆಯಲ್ಲಿ ಬಾವಿಯ ನೀರು ತಳ ಸೇರಿದಾಗ ಇಳಿಯುವುದು ನಿಲ್ಲುತ್ತದೆ, ಆಗ ಅವರ ಮಾತೂ ಕಡಿಮೆಯಾಗುತ್ತದೆ. ಮಳೆ ಹಿಡಿದು ನೀರು ಏರಿದರೆ ಮತ್ತೆ ಶುರು. ನನ್ನ ಈಜೂ ಅಷ್ಟಕ್ಕಷ್ಟೆ: ಈ ಗೋಡೆಯಿಂದ ಆ ಗೋಡೆಗೆ ಹೋಗುತ್ತೇನೆ, ಅಷ್ಟರಲ್ಲಿ ಉಸಿರು ಮುಗಿದಿರುತ್ತದೆ. ಒಂದೇ ಮನೆಯಲ್ಲಿ ಉಂಡು ಮಲಗಿ ಎದ್ದರೂ ಒಬ್ಬರ ಸಂತೋಷ ಇನ್ನೊಬ್ಬರಿಗೆ ತಿಳಿಯದೆ ಹೋಗಬಹುದು ಎಂಬುದನ್ನು ನಾನು ಆಗಾಗ ಯೋಚಿಸುತ್ತೇನೆ. ನನ್ನ ಅಮ್ಮನಿಗೆ ಏನು ಇಷ್ಟವಿತ್ತು ಎಂದು ನನಗೆ ಗೊತ್ತಿಲ್ಲ. ಕೇಳಲು ಈಗ ಅವರೂ ಇಲ್ಲ.

ಈಗ ಭಾನುವಾರದ ತಿಂಡಿ ಗಂಡನದು. ನಾವು ಒದ್ದೆ ತಲೆಯಲ್ಲಿ ಮನೆಗೆ ಬರುವ ಹೊತ್ತಿಗೆ ಉಪ್ಪಿಟ್ಟು ಮಾಡಿಟ್ಟಿರುತ್ತಾರೆ, ಅಲ್ಲಲ್ಲಿ ಗಂಟು ಗಂಟಾಗಿರುತ್ತದೆ. ಅತ್ತೆ ತಟ್ಟೆ ತೊಡೆಯ ಮೇಲಿಟ್ಟುಕೊಂಡು, “ಉಪ್ಪು ಕಮ್ಮಿ,” ಎಂದು ತಪ್ಪದೆ ಹೇಳುತ್ತಾರೆ. ಹೇಳಿ, ಮತ್ತೆ ಬಡಿಸಲು ತಟ್ಟೆ ಮುಂದೆ ಚಾಚುತ್ತಾರೆ.